ಸಾಲು ಸಾಲಾಗಿಯೇ ಇರಲಿ ಬಿಡಿ

ಡೇಟಾಬೇಸ್ ಜೊತೆ ಏಗುವ ಪ್ರತಿಯೊಬ್ಬರಿಗೂ ಆಗಾಗ ಎದುರಾಗುವ ಪ್ರಶ್ನೆ ಇದು: "ಸಾಲುಗಳನ್ನ ಕಾಲಂ ಮಾಡೋದು ಹೇಗೆ?" ಉತ್ತರ ಹೇಳೋಕೆ ಎರಡು ನಿಮಿಷ ಸಾಕು. ನಿನ್ನೆ ಕೆಲಸಕ್ಕೆ ಸೇರಿದ ಹುಡುಗ ಕೂಡ ಎಲ್ಲಿಂದಲೋ ಹುಡುಕಿ, ಕಾಪಿ ಹೊಡೆದು, ಊಟದ ಹೊತ್ತಿಗೆ ಮುಗಿಸಿಬಿಡ್ತಾನೆ. ಆದರೆ "ಇದನ್ನ ಕ್ವೆರಿ ಒಳಗೇ ಮಾಡಬೇಕಾ?" ಅಂತ ಕೇಳಿದವರನ್ನ ನಾನು ನೋಡಿದ್ದು ಬಹಳ ಕಮ್ಮಿ. ನನ್ನ ತಕರಾರು ಇರೋದೇ ಅಲ್ಲಿ. ಹೆಚ್ಚಿನ ಸಲ ಬೇಕಾಗಿಲ್ಲ. ಬೇಕಾಗಿಲ್ಲದ ಕಡೆ ಮಾಡಿದಾಗ ಯಾರದ್ದೋ ಲೆಕ್ಕ ಸದ್ದಿಲ್ಲದೆ ಮಾಯವಾಗುತ್ತೆ, ಮತ್ತು ಮಾಯವಾಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ನೀವು ಡೇಟಾಬೇಸ್ ಮುಟ್ಟದವರಾದರೂ ಈ ಕೆಲಸ ಮಾಡಿರ್ತೀರಿ. ಎಕ್ಸೆಲ್‌ನ ಪಿವಟ್ ಟೇಬಲ್ ಅಂದರೆ ಇದೇ. ಒಂದು ಗೊಬ್ಬರ ಕಂಪನಿಯ ಮಾರಾಟದ ಟೇಬಲ್ ಇದೆ ಅಂದುಕೊಳ್ಳಿ. ಮೂರೇ ಕಾಲಂ: ಜಿಲ್ಲೆ, ತಿಂಗಳು, ಟನ್. ಕೋಲಾರ, ಜೂನ್, ಇಷ್ಟು. ಹಾಸನ, ಜೂನ್, ಇಷ್ಟು. ಒಂದೊಂದು ಸಾಲೂ ಒಂದೊಂದು ಹೇಳಿಕೆ. ಕರ್ನಾಟಕದಲ್ಲಿ 31 ಜಿಲ್ಲೆ, ವರ್ಷಕ್ಕೆ 12 ತಿಂಗಳು, ಒಟ್ಟು ಹೆಚ್ಚೆಂದರೆ 372 ಸಾಲು. ಇದನ್ನ ಹಾಗೇ ಮೀಟಿಂಗ್‌ನಲ್ಲಿ ತೋರಿಸಿದರೆ ಯಾರೂ ಓದಲ್ಲ. "ತಿಂಗಳು ಕೆಳಕ್ಕೆ ಬರಲಿ, ಜಿಲ್ಲೆಗಳು ಅಡ್ಡಕ್ಕೆ ಬರಲಿ" ಅಂತಾರೆ. ನ್ಯಾಯವಾದ ಬೇಡಿಕೆ. ಮನುಷ್ಯನ ಕಣ್ಣಿಗೆ ಅಗಲವಾದ ಪಟ್ಟಿಯೇ ಹಿತ. ಅದರ ಬಗ್ಗೆ ನನ್ನದೇನೂ ಜಗಳ ಇಲ್ಲ.

ಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಹಳೇ ದಾರಿ ಒಂದಿದೆ. ಸಮ್ (ಕೇಸ್ ವೆನ್ ಜಿಲ್ಲೆ = 'ಕೋಲಾರ' ದೆನ್ ಟನ್ ಎಂಡ್) ಆ್ಯಸ್ ಕೋಲಾರ. ಹೀಗೆ ಜಿಲ್ಲೆಗೊಂದು ಷರತ್ತು ಬರೆದು, ಕೊನೆಗೆ ಗ್ರೂಪ್ ಬೈ ತಿಂಗಳು. ಎಲ್ಲ ಕಡೆ ನಡೆಯುತ್ತೆ. ಮೈಕ್ರೋಸಾಫ್ಟ್‌ನವರು ಎಸ್‌ಕ್ಯೂಎಲ್ ಸರ್ವರ್ 2005ರಲ್ಲಿ, ಒರಾಕಲ್‌ನವರು 11ಜಿ ಆವೃತ್ತಿಯಲ್ಲಿ ಪಿವಟ್ ಅನ್ನೋ ಪದವನ್ನೇ ಭಾಷೆಗೆ ಸೇರಿಸಿದರು. ಪೋಸ್ಟ್‌ಗ್ರೆಸ್‌ನಲ್ಲಿ 9.4ರಿಂದ ಫಿಲ್ಟರ್ ಅನ್ನೋ ಚೊಕ್ಕ ಬರವಣಿಗೆ ಇದೆ, ಕ್ರಾಸ್‌ಟ್ಯಾಬ್ ಅನ್ನೋ ಫಂಕ್ಷನ್ ಎಕ್ಸ್‌ಟೆನ್ಶನ್ ಆಗಿ ಸಿಗುತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ಪಿವಟ್ ಪದವೇ ಇಲ್ಲ, ಕೇಸ್ ವೆನ್ನೇ ಗತಿ. ಹೆಸರು ಯಾವುದಾದರೂ ಇರಲಿ, ಒಂದು ಸಂಗತಿ ಮಾತ್ರ ಬದಲಾಗಲ್ಲ. ಯಾವ ಯಾವ ಕಾಲಂ ಬರಬೇಕು ಅಂತ ನೀವು ಮೊದಲೇ ಪಟ್ಟಿ ಬರೆದುಕೊಡಬೇಕು.

ಆ ಪಟ್ಟಿಯೇ ನನ್ನ ಮೊದಲ ಆರೋಪಿ.

2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಆಯ್ತು. ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ ಎಲ್ಲ ಆ ಕಡೆ ಹೋದವು. ಅದಕ್ಕೂ ಮುಂಚೆ ಬರೆದ ಪಿವಟ್ ಕ್ವೆರಿಯಲ್ಲಿ 30 ಜಿಲ್ಲೆಗಳ ಪಟ್ಟಿ ಇರುತ್ತೆ. ಹೊಸ ಜಿಲ್ಲೆಯ ಹೆಸರಲ್ಲಿ ಸಾಲುಗಳು ಟೇಬಲ್‌ಗೆ ಬರೋಕೆ ಶುರುವಾದ ದಿನ ಆ ಕ್ವೆರಿ ಏನು ಮಾಡುತ್ತೆ? ಎರರ್ ಕೊಡಲ್ಲ, ವಾರ್ನಿಂಗ್ ಕೊಡಲ್ಲ. ಪಟ್ಟಿಯಲ್ಲಿ ಇಲ್ಲದ ಜಿಲ್ಲೆಯ ಸಾಲುಗಳನ್ನ ಓದುತ್ತೆ, ಯಾವ ಕಾಲಂಗೂ ಸೇರದೇ ಇರೋದರಿಂದ ಕೈಬಿಡುತ್ತೆ. ವರದಿ ಎಂದಿನಂತೆ 30 ಕಾಲಂಗಳೊಂದಿಗೆ ಅಂದವಾಗಿ ಬರುತ್ತೆ. ಬಳ್ಳಾರಿಯ ಮಾರಾಟ ಇದ್ದಕ್ಕಿದ್ದಂತೆ ಕುಸಿದಿರುತ್ತೆ. ಮೀಟಿಂಗ್‌ನಲ್ಲಿ ಬಳ್ಳಾರಿ ಏರಿಯಾ ಮ್ಯಾನೇಜರ್‌ಗೆ ಮಂಗಳಾರತಿ ಆಗುತ್ತೆ. ಹೊಸಪೇಟೆಯಲ್ಲಿ ಗೊಬ್ಬರ ಮಾರಿದವನು ಕಂಪನಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇದೇ ಮೂರು ಕಾಲಂನ ಸಾಲುಗಳಾಗಿದ್ದರೆ? ವಿಜಯನಗರ ಅನ್ನೋ ಹೆಸರು ತಾನಾಗೇ ಬಂದು ಕೂರ್ತಿತ್ತು. ಯಾರೂ ಕರೆಯಬೇಕಾಗಿರಲಿಲ್ಲ. ಸಾಲಿನ ದೊಡ್ಡತನ ಅದು. ಹೊಸಬರು ಬಂದರೆ ಜಾಗ ಕೊಡುತ್ತೆ. ಕಾಲಂ ಹಾಗಲ್ಲ, ಮೊದಲೇ ಹೆಸರು ಬರೆಸಿದವರಿಗೆ ಮಾತ್ರ ಕುರ್ಚಿ.

ಹೆಸರು ಬದಲಾದಾಗಲೂ ಇದೇ ಕಥೆ. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯ್ತು. ಗುಲ್ಬರ್ಗಾ ಕಲಬುರಗಿ ಆಯ್ತು, ಬಿಜಾಪುರ ವಿಜಯಪುರ ಆಯ್ತು. ಒಂದು ಸಿಸ್ಟಮ್ ಹಳೇ ಹೆಸರು ಕಳಿಸುತ್ತೆ, ಇನ್ನೊಂದು ಹೊಸದು ಕಳಿಸುತ್ತೆ. ಸಾಲುಗಳಲ್ಲಿ ನೋಡಿದರೆ ಎರಡೂ ಹೆಸರು ಕಣ್ಣಿಗೆ ಹೊಡೆಯುತ್ತೆ, "ಏನಿದು ಎರಡೆರಡು?" ಅಂತ ಯಾರಾದರೂ ಕೇಳ್ತಾರೆ. ಪಿವಟ್‌ನಲ್ಲಿ ಪಟ್ಟಿಯಲ್ಲಿರುವ ಹೆಸರಿಗೆ ಅರ್ಧ ಲೆಕ್ಕ ಬರುತ್ತೆ, ಉಳಿದರ್ಧ ಗಾಳಿಗೆ. ಕಾಲಂ ನೋಡೋಕೆ ಸರಿಯಾಗೇ ಇರುತ್ತೆ.

ಜಿಲ್ಲೆ ಬಿಡಿ, ಅದು ಯಾವಾಗಲೋ ಒಮ್ಮೆ ಬದಲಾಗೋದು ಅಂತೀರಾ? ಜಿಎಸ್‌ಟಿ ನೋಡಿ. 2017ರ ಜುಲೈ 1ರಂದು ಬಂದಾಗಿನಿಂದ 5, 12, 18, 28 ಅನ್ನೋ ನಾಲ್ಕು ಮುಖ್ಯ ದರ ಬಾಯಿಪಾಠ ಆಗಿಹೋಗಿತ್ತು. ದರಕ್ಕೊಂದು ಕಾಲಂ ಇಟ್ಟು ಬರೆದ ವರದಿಗಳು ಎಷ್ಟು ಆಫೀಸುಗಳಲ್ಲಿ ಓಡ್ತಿದ್ದವೋ. 2025ರ ಸೆಪ್ಟೆಂಬರ್ 22ರಿಂದ ದರಗಳ ಲೆಕ್ಕವೇ ಬದಲಾಗಿ ಶೇಕಡ 40 ಅನ್ನೋ ಹೊಸ ದರ ಬಂತು. ನಾಲ್ಕು ಕಾಲಂನ ವರದಿಗೆ 40 ಅಂದರೆ ಯಾರು ಅಂತಲೇ ಗೊತ್ತಿಲ್ಲ.

ಎರಡನೇ ಆರೋಪ ಇದಕ್ಕಿಂತ ಗಂಭೀರ. ಪಿವಟ್ ಮಾಡಿದ ತಕ್ಷಣ ಖಾಲಿ ಕೋಣೆಗಳು ಹುಟ್ಟುತ್ತವೆ. ಸಾಲುಗಳಲ್ಲಿ "ಇಲ್ಲ" ಅನ್ನೋದಕ್ಕೆ ಒಂದೇ ರೂಪ: ಆ ಸಾಲು ಇಲ್ಲ, ಅಷ್ಟೇ. ಅಗಲ ಮಾಡಿದಾಗ ಇಲ್ಲದ ಸಾಲಿನ ಜಾಗದಲ್ಲೂ ಒಂದು ಚೌಕ ಇರಲೇಬೇಕು. ಅದರಲ್ಲಿ ಮೊದಲು ನಲ್ ಬರುತ್ತೆ. ನಲ್ ನೋಡಿದರೆ ಮ್ಯಾನೇಜರ್‌ಗಳಿಗೆ ಅಸಹ್ಯ. "ಖಾಲಿ ಚೆನ್ನಾಗಿ ಕಾಣಲ್ಲ, ಸೊನ್ನೆ ಹಾಕಿ" ಅಂತಾರೆ. ನಾವು ಎಲ್ಸ್ 0 ಅಂತ ಸೇರಿಸ್ತೀವಿ, ಇಲ್ಲಾ ಕೋಅಲೆಸ್ ಹಚ್ತೀವಿ. ಆ ಒಂದು ಸೊನ್ನೆಯಲ್ಲಿ "ಗೊತ್ತಿಲ್ಲ" ಅನ್ನೋದು "ಆಗಿಲ್ಲ" ಅಂತ ಆಗಿಬಿಡುತ್ತೆ.

ಗೊಬ್ಬರದ ಲೆಕ್ಕದಲ್ಲಿ ಇದರಿಂದ ಯಾರ ಮನೆಯೂ ಮುಳುಗಲ್ಲ ಅಂತಿಟ್ಟುಕೊಳ್ಳಿ. ಮಳೆ ಲೆಕ್ಕಕ್ಕೆ ಬನ್ನಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನ ಹೊಲಕ್ಕೆ ಯಾರೂ ಬಂದು ನಷ್ಟ ಅಳೆಯಲ್ಲ. ಆ ಪ್ರದೇಶಕ್ಕೆ ಗೊತ್ತುಮಾಡಿದ ಹವಾಮಾನ ಕೇಂದ್ರದ ಅಂಕಿಗಳೇ ಪರಿಹಾರ ನಿರ್ಧಾರ ಮಾಡುತ್ತವೆ. ಮಲೆನಾಡಿನ ಅಡಿಕೆ ಬೆಳೆಗಾರರು ಪ್ರೀಮಿಯಂ ಕಟ್ಟೋದು ಇಂಥ ಯೋಜನೆಗೇ. ಜುಲೈನಲ್ಲಿ ಜಡಿಮಳೆ ಹಿಡಿದು ತೋಟಕ್ಕೆ ಕೊಳೆ ಬಂದಿದೆ ಅಂದುಕೊಳ್ಳಿ. ಅದೇ ಮಳೆಗೆ ಮಾಪಕವೂ ಕೆಟ್ಟು ಎಂಟು ದಿನ ಅಂಕಿ ಕಳಿಸಿಲ್ಲ. ಮೂಲ ಟೇಬಲ್‌ನಲ್ಲಿ ಆ ಎಂಟು ದಿನದ ಸಾಲುಗಳೇ ಇಲ್ಲ, ಅದು ಪ್ರಾಮಾಣಿಕ. ದಿನಕ್ಕೊಂದು ಕಾಲಂ ಮಾಡಿದ ಶೀಟ್‌ನಲ್ಲಿ ಎಂಟು ಸೊನ್ನೆ ಬಂದರೆ? ಜೋರು ಮಳೆ ಹೊಯ್ದ ವಾರ ಕಾಗದದ ಮೇಲೆ ಬಿಸಿಲು. ಮಾಪಕ ಕೆಟ್ಟಿತ್ತು ಅಂತ ಗೊತ್ತಾದರೆ ಪಕ್ಕದ ಕೇಂದ್ರದ ಅಂಕಿಯನ್ನಾದರೂ ಕೇಳಬಹುದಿತ್ತು. ಸೊನ್ನೆ ಕಂಡವನು ಯಾಕೆ ಕೇಳ್ತಾನೆ? ಸೊನ್ನೆ ಕೂಡ ಒಂದು ಉತ್ತರ ತಾನೇ. ನಲ್ ಮಾತ್ರ ಪ್ರಶ್ನೆ. ನಾವು ಅಂದಕ್ಕೋಸ್ಕರ ಪ್ರಶ್ನೆ ಅಳಿಸಿ ಉತ್ತರ ಬರೀತಿದ್ದೀವಿ.

ಮೂರನೇದು, ಪಕ್ಕದ ಮನೆಗೆ ಹೋಗಿ ಕೂರುವ ಅಂಕಿಗಳು. ಪೋಸ್ಟ್‌ಗ್ರೆಸ್‌ನ ಕ್ರಾಸ್‌ಟ್ಯಾಬ್‌ಗೆ ಒಂದೇ ಆರ್ಗ್ಯುಮೆಂಟ್ ಕೊಡುವ ಒಂದು ರೂಪ ಇದೆ. ಅದು ಯಾವ ಅಂಕಿ ಯಾವ ತಿಂಗಳದ್ದು ಅಂತ ನೋಡೋದೇ ಇಲ್ಲ. ಸಿಕ್ಕ ಸಿಕ್ಕ ಅಂಕಿಯನ್ನ ಎಡದಿಂದ ಖಾಲಿ ಇರುವ ಮೊದಲ ಕಾಲಂಗೆ ತುಂಬುತ್ತಾ ಹೋಗುತ್ತೆ. ಒಂದು ಊರಿನ ಮೇ ತಿಂಗಳ ಸಾಲು ಇಲ್ಲದಿದ್ದರೆ ಜೂನ್ ಮಳೆ ಮೇ ಕಾಲಂಗೆ, ಜುಲೈ ಮಳೆ ಜೂನ್ ಕಾಲಂಗೆ. ಇದು ಬಗ್ ಅಲ್ಲ. ಅವರ ಕೈಪಿಡಿಯಲ್ಲೇ ಇದನ್ನ ಬರೆದಿದ್ದಾರೆ, ಎರಡು ಆರ್ಗ್ಯುಮೆಂಟ್ ಕೊಡುವ ರೂಪ ಬಳಸಿದರೆ ಸರಿಹೋಗುತ್ತೆ ಅಂತಲೂ ಹೇಳಿದ್ದಾರೆ. ಆದರೆ ಕೈಪಿಡಿ ಓದಿ ಕ್ವೆರಿ ಬರೆಯುವವರು ಎಷ್ಟು ಜನ? ಎಸ್‌ಕ್ಯೂಎಲ್ ಸರ್ವರ್‌ನ ಪಿವಟ್‌ದು ಇನ್ನೊಂದು ಕಿತಾಪತಿ. ನೀವು ಹೆಸರಿಸದೆ ಬಿಟ್ಟ ಎಲ್ಲ ಕಾಲಂಗಳೂ ತಾವಾಗೇ ಗ್ರೂಪ್ ಬೈ ಆಗಿಬಿಡುತ್ತವೆ. ಟೇಬಲ್ಲನ್ನೇ ನೇರವಾಗಿ ಪಿವಟ್‌ಗೆ ಕೊಟ್ಟಿದ್ದರೆ, ನಾಳೆ ಯಾರೋ ಅದಕ್ಕೆ ಡೀಲರ್ ಅನ್ನೋ ಕಾಲಂ ಸೇರಿಸಿದ ದಿನ, ಜೂನ್‌ಗೆ ಒಂದು ಸಾಲು ಬರುವ ಕಡೆ ಡೀಲರಿಗೊಂದು ಸಾಲು ಬರುತ್ತೆ.

ಸದ್ದಿಲ್ಲದೆ ಕಳೆದುಹೋಗೋದು ಎಷ್ಟು ದುಬಾರಿ ಅನ್ನೋದಕ್ಕೆ ಪಿವಟ್‌ದೇ ಅಲ್ಲದಿದ್ದರೂ ಅದೇ ಕಾಯಿಲೆಯ ಒಂದು ಉದಾಹರಣೆ ಕೊಡ್ತೀನಿ. 2020ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಬರಲೇ ಇಲ್ಲ. ಲ್ಯಾಬ್‌ಗಳಿಂದ ಬಂದ ಫೈಲುಗಳನ್ನ ಹಳೇ ಎಕ್ಸೆಲ್ ಫಾರ್ಮ್ಯಾಟ್‌ಗೆ ತುಂಬ್ತಿದ್ದರು. ಅದರಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯಲ್ಲ. ಮಿಕ್ಕಿದ್ದು ಬಿದ್ದುಹೋಯ್ತು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನ ಹುಡುಕುವ ಕೆಲಸ ಅಷ್ಟು ದಿನ ತಡವಾಯ್ತು. ಅಲ್ಲೂ ಯಾರೂ ಸುಳ್ಳು ಹೇಳಿರಲಿಲ್ಲ. ಪಾತ್ರೆಯ ಆಕಾರ ಎಷ್ಟು ಹಿಡಿಯಿತೋ ಅಷ್ಟನ್ನೇ ಎಲ್ಲರೂ ಪೂರ್ತಿ ಲೆಕ್ಕ ಅಂದುಕೊಂಡಿದ್ದರು.

ಇಷ್ಟು ಹೇಳಿದರೆ ಟೀಮಿನ ಜಾಣರು ಒಂದು ಮಾತು ತೆಗೀತಾರೆ. "ಪಟ್ಟಿ ಕೈಯಲ್ಲಿ ಯಾಕೆ ಬರೀತೀರಿ? ಡೈನಾಮಿಕ್ ಪಿವಟ್ ಮಾಡಿ." ಅಂದರೆ ಮೊದಲು ಒಂದು ಕ್ವೆರಿ ಓಡಿಸಿ ಜಿಲ್ಲೆಗಳ ಹೆಸರು ತೆಗೆಯೋದು, ಅವನ್ನ ದಾರದಲ್ಲಿ ಪೋಣಿಸಿದಂತೆ ಪೋಣಿಸಿ ಇನ್ನೊಂದು ಕ್ವೆರಿಯ ಪಠ್ಯ ತಯಾರಿಸೋದು, ಆಮೇಲೆ ಅದನ್ನ ಓಡಿಸೋದು. ಕ್ವೆರಿ ಬರೆಯುವ ಕ್ವೆರಿ. ಮೊದಲ ಸಲ ನೋಡಿದವರು ಬಾಯಿ ಬಿಡ್ತಾರೆ. ಬರೆದವನಿಗೆ ಒಂದು ವಾರ ನೆಲದ ಮೇಲೆ ಕಾಲಿರಲ್ಲ.

ಇದು ಕಾಯಿಲೆಗೆ ಮದ್ದಲ್ಲ, ಕಾಯಿಲೆಯನ್ನ ಪಕ್ಕದ ಮನೆಗೆ ದಾಟಿಸೋದು. ಕಾಲಂಗಳೇ ದಿನ ದಿನ ಬದಲಾದರೆ ಆ ಫಲಿತಾಂಶ ಓದುವ ಮುಂದಿನ ಪ್ರೋಗ್ರಾಮ್ ಏನು ಮಾಡಬೇಕು? ಇದನ್ನ ಒಂದು ವ್ಯೂ ಆಗಿ ಇಡೋಕೂ ಆಗಲ್ಲ. ಡೇಟಾದಲ್ಲಿದ್ದ ಪಠ್ಯವನ್ನ ತಂದು ಕ್ವೆರಿಯ ಒಳಗೆ ಅಂಟಿಸೋದು ಅಂದರೆ ಇಂಜೆಕ್ಷನ್‌ಗೆ ಬಾಗಿಲು ತೆಗೆದ ಹಾಗೆ. ಹೆಸರಲ್ಲಿ ಒಂದು ಕೋಟ್ ಚಿಹ್ನೆ ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ ಹೀಗೆ ಪೋಣಿಸೋಕೆ ಬಳಸುವ ಗ್ರೂಪ್ ಕನ್‌ಕ್ಯಾಟ್‌ಗೆ ಡೀಫಾಲ್ಟ್ ಮಿತಿ 1,024 ಬೈಟ್. ಹದಿನೈದಿಪ್ಪತ್ತು ಕೇಸ್ ವೆನ್ ಬರೆಯುವಷ್ಟರಲ್ಲಿ ಮಿತಿ ಮುಗಿದು ದಾರ ಕತ್ತರಿಸುತ್ತೆ. ಟೆಸ್ಟ್ ಡೇಟಾದ ಐದು ಜಿಲ್ಲೆಗೆ ಚೆನ್ನಾಗಿ ಓಡಿದ್ದು ಪ್ರೊಡಕ್ಷನ್‌ನಲ್ಲಿ ಮಲಗುತ್ತೆ. ಹಾಗೆ ಸಿಂಟ್ಯಾಕ್ಸ್ ಎರರ್ ಕೊಟ್ಟು ಮಲಗಿದರೆ ನಮ್ಮ ಪುಣ್ಯ, ಗೊತ್ತಾದರೂ ಆಗುತ್ತಲ್ಲ.

"ಎಸ್‌ಕ್ಯೂಎಲ್ ಹಳೇ ಭಾಷೆ, ಅದಕ್ಕೇ ಇಷ್ಟು ಕಷ್ಟ" ಅನ್ನೋರಿದ್ದಾರೆ. ಕಷ್ಟ ಆಗೋಕೆ ಬೇರೆ ಕಾರಣ ಇದೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯ ಪ್ರಬಂಧ ಪ್ರಕಟಿಸಿದಾಗಿನಿಂದ ಈ ಲೋಕದಲ್ಲಿ ಎರಡು ಬೇರೆ ಬೇರೆ ಜಾತಿಯ ವಸ್ತುಗಳಿವೆ. ಕಾಲಂ ಅಂದರೆ ನಾವು ಏನು ಕೇಳ್ತೀವಿ ಅನ್ನೋದು. ಸಾಲು ಅಂದರೆ ಜಗತ್ತು ಏನು ಉತ್ತರ ಕೊಟ್ಟಿತು ಅನ್ನೋದು. ಪ್ರಶ್ನೆ ಮೊದಲೇ ತೀರ್ಮಾನ ಆಗಿರಬೇಕು. ಉತ್ತರ ಎಷ್ಟು ಬೇಕಾದರೂ, ಯಾವಾಗ ಬೇಕಾದರೂ ಬರಬಹುದು. ಡೇಟಾಬೇಸ್ ತಾನು ಡೇಟಾ ನೋಡೋಕೆ ಮುಂಚೆಯೇ ಕಾಲಂಗಳ ಹೆಸರು ಕೇಳೋದು ಅದಕ್ಕೇ. ಸಾಲನ್ನ ಕಾಲಂ ಮಾಡೋದು ಅಂದರೆ ಉತ್ತರವನ್ನ ಪ್ರಶ್ನೆ ಮಾಡೋದು. ಕೋಲಾರ ಒಂದು ಉತ್ತರ. ಅದನ್ನ ಶಿರೋನಾಮೆಗೆ ಏರಿಸಿದ ಮೇಲೆ ಕೋಲಾರ ಇದ್ದರೂ ಇಲ್ಲದಿದ್ದರೂ ಕಾಲಂ ಇದ್ದೇ ಇರುತ್ತೆ, ವಿಜಯನಗರ ಇದ್ದರೂ ಕಾಲಂ ಇರಲ್ಲ. ಭಾಷೆ ಇಲ್ಲಿ ಅಡ್ಡಗಾಲು ಹಾಕ್ತಿಲ್ಲ, ಎಚ್ಚರಿಸ್ತಿದೆ.

ಪಿವಟ್ ಅನ್ನೋ ಪದಕ್ಕೆ ತಿರುಗಣಿ ಅಂತ ಅರ್ಥ. 1993ರಲ್ಲಿ ಎಕ್ಸೆಲ್ 5ರಲ್ಲಿ ಪಿವಟ್ ಟೇಬಲ್ ಬಂದಾಗ ಅದರ ಸೊಗಸೆಲ್ಲ ತಿರುಗಿಸೋದರಲ್ಲೇ ಇತ್ತು. ಜಿಲ್ಲೆ ಅಡ್ಡಕ್ಕೆ ಎಳೆಯಿರಿ, ಬೇಡ ಅನ್ನಿಸಿದರೆ ಕೆಳಕ್ಕೆ ಎಳೆಯಿರಿ. ಅಂಕಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಹಿಂದಿನ ಸಾಲುಗಳು ಹೊರಬರುತ್ತವೆ. ನೋಡುವವನ ಕೈಲಿ ತಿರುಗಣಿ. ನಾವು ಕ್ವೆರಿಯಲ್ಲಿ ಮಾಡೋದು ತಿರುಗಿಸಿ, ವೆಲ್ಡಿಂಗ್ ಹೊಡೆದು ಕೊಡೋದು. ಅದನ್ನ ಪಡೆದವನು ವಾಪಸ್ ತಿರುಗಿಸೋಕೆ ಅನ್‌ಪಿವಟ್ ಕಲೀಬೇಕು. ಎಷ್ಟೋ ಕಂಪನಿಗಳಲ್ಲಿ ಒಂದು ಟೀಮ್ ಪಿವಟ್ ಮಾಡಿ ಕಳಿಸುತ್ತೆ, ಇನ್ನೊಂದು ಟೀಮ್ ಅನ್‌ಪಿವಟ್ ಮಾಡಿ ಓದುತ್ತೆ. ಇಬ್ಬರಿಗೂ ಸಂಬಳ ಬರುತ್ತೆ.

ವೆಲ್ಡಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ವರದಿಯ ಆಕಾರವೇ ಟೇಬಲ್‌ನ ಆಕಾರ ಆಗಿಬಿಡುತ್ತೆ. ಜನವರಿ, ಫೆಬ್ರವರಿ, ಮಾರ್ಚ್ ಅಂತ ಕಾಲಂಗಳಿರುವ ಟೇಬಲ್ಲುಗಳನ್ನ ನೀವೂ ನೋಡಿರ್ತೀರಿ. ಒಂದು ಸಲ ಒಬ್ಬ ಗ್ರಾಹಕರ ಬೆಳೆ ಡೇಟಾ ನನ್ನ ಕೈಗೆ ಬಂದಿತ್ತು. ಕಾಲಂಗಳು ಹೀಗೆ: ರೈತ, ಸರ್ವೆ ನಂಬರ್, ಬೆಳೆ 1, ಬೆಳೆ 2, ಬೆಳೆ 3. ಮೂರೇ. ಹಳೇ ಮೈಸೂರು ಕಡೆಯ ರಾಗಿ ಹೊಲ ನೋಡಿದವರಿಗೆ ಇದು ನಗು ತರಿಸುತ್ತೆ. ನಮ್ಮ ಕಡೆ ರಾಗಿ ಒಂದನ್ನೇ ಹಾಕಲ್ಲ. ಇಷ್ಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಅಂತ ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಹರಳು ಏನೇನೋ ಹಾಕ್ತಾರೆ. ಮಳೆ ಕೈಕೊಟ್ಟು ರಾಗಿ ಹೋದರೆ ಮನೆ ನಡೆಸೋದು ಆ ಅಕ್ಕಡಿ ಸಾಲು. ಸಾಲಿನ ಬಾಳೇ ಹಾಗೆ, ಬೇಕಾದಷ್ಟು ಸೇರಿಸಬಹುದು. ಆ ಟೇಬಲ್‌ನಲ್ಲಿ ನಾಲ್ಕನೇ ಬೆಳೆಗೆ ಜಾಗ ಇಲ್ಲ. ಹಾಗಾಗಿ ಹುಚ್ಚೆಳ್ಳು ಬೆಳೆದೇ ಇಲ್ಲ. ಆ ಡೇಟಾ ನೋಡಿ ಯಾರೋ ಒಬ್ಬರು "ಇಲ್ಲಿ ಎಣ್ಣೆಕಾಳು ಬೆಳೆಯುವವರೇ ಇಲ್ಲ" ಅಂತ ಸ್ಲೈಡ್ ಮಾಡ್ತಾರೆ. ಇನ್ನೊಬ್ಬರು ಆ ಸ್ಲೈಡ್ ನಂಬಿ ತೀರ್ಮಾನ ತಗೋತಾರೆ. ರೈತ, ಸರ್ವೆ ನಂಬರ್, ಬೆಳೆ ಅಂತ ಮೂರು ಕಾಲಂ ಇಟ್ಟು ಬೆಳೆಗೊಂದು ಸಾಲು ಬರೆದಿದ್ದರೆ ಈ ಯಾವ ತಾಪತ್ರಯವೂ ಇರ್ತಿರಲಿಲ್ಲ.

ಕಾಲಂಗಳಿಗೆ ಒಂದು ಗಟ್ಟಿ ಮಿತಿಯೂ ಇದೆ ಅನ್ನೋದು ಮರೀಬೇಡಿ. ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್‌ನಲ್ಲಿ ಹೆಚ್ಚೆಂದರೆ 1,600 ಕಾಲಂ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳೇ ಸುಮಾರು 6 ಸಾವಿರ ಇವೆ. ಜಿಲ್ಲೆಗೆ ನಡೆದ ಆಟ ಪಂಚಾಯಿತಿಗೆ ನಡೆಯಲ್ಲ.

ಈ ವಿಷಯದಲ್ಲಿ ನಮ್ಮ ಕಂದಾಯ ಇಲಾಖೆಯ ಹಳೇ ಪದ್ಧತಿ ನಮಗಿಂತ ಜಾಣತನದ್ದು ಅಂತ ನನಗೆ ಅನ್ನಿಸೋದುಂಟು. ಹಳ್ಳಿಯಲ್ಲಿ ಬೆಳೆದವರಿಗೆ ಕಾಲಂ ಅನ್ನೋ ಪದ ಕಂಪ್ಯೂಟರ್‌ನಿಂದ ಬಂದದ್ದಲ್ಲ, ಪಹಣಿಯಿಂದ ಬಂದದ್ದು. ಓದು ಬರಹ ಅಷ್ಟಾಗಿ ಇಲ್ಲದ ಅಜ್ಜ ಕೂಡ "9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಸಾಲ ಕೂರಿಸಿದ್ದಾರೆ ನೋಡು" ಅಂತಾನೆ. ಪಹಣಿ ಅನ್ನೋದು ಓದೋಕೆ ಅನುಕೂಲವಾಗಲಿ ಅಂತ ಮಾಡಿದ ಅಗಲದ ಹಾಳೆ. ತಾಂತ್ರಿಕವಾಗಿ ಪಿವಟ್ ಅಲ್ಲದಿದ್ದರೂ ಕೆಲಸ ಅದೇ: ಹತ್ತಾರು ವರ್ಷದ ವ್ಯವಹಾರವನ್ನ ಒಂದು ನೋಟಕ್ಕೆ ಸಿಗುವ ಹಾಗೆ ಕೋಣೆಗಳಲ್ಲಿ ಕೂರಿಸೋದು. ಆದರೆ ಅದರ ಹಿಂದೆ ಮ್ಯುಟೇಶನ್ ರಿಜಿಸ್ಟರ್ ಇದೆ. ಕ್ರಯ, ವಿಭಾಗ, ಪೌತಿ ಖಾತೆ, ಪ್ರತಿಯೊಂದು ಬದಲಾವಣೆಗೂ ಅಲ್ಲಿ ಒಂದು ನಮೂದು, ಒಂದು ಎಂ.ಆರ್. ನಂಬರ್. ಅಂದರೆ ಸಾಲುಗಳು. ಪಹಣಿಯಲ್ಲಿ ಮಾಲೀಕನ ಹೆಸರಿನ ಪಕ್ಕದಲ್ಲೇ, ಈ ಜಮೀನು ಇವನಿಗೆ ಹೇಗೆ ಬಂತು ಅನ್ನೋ ಜಾಗದಲ್ಲಿ, ಆ ಎಂ.ಆರ್. ನಂಬರ್ ಬರೆದಿರುತ್ತೆ. ಅಗಲದ ಹಾಳೆ ತನ್ನ ಸಾಲಿಗೆ ದಾರಿ ತೋರಿಸುತ್ತೆ.

ಕಾನೂನೂ ಇದನ್ನ ಹಾಗೇ ನೋಡುತ್ತೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೇ ಕಲಂ ಪ್ರಕಾರ ಹಕ್ಕು ದಾಖಲೆಯ ನಮೂದನ್ನ ನಿಜ ಅಂತ ಭಾವಿಸಬೇಕು, ಅಲ್ಲ ಅಂತ ಸಾಬೀತಾಗುವವರೆಗೆ ಮಾತ್ರ. ಜಗಳ ಬಂದಾಗ ಯಾರೂ ಪಹಣಿಯ ಅಂದ ನೋಡ್ತಾ ಕೂರಲ್ಲ, ಎಂ.ಆರ್. ತೆಗೆಸ್ತಾರೆ. ಯಾವ ವರ್ಷ, ಯಾವ ಆಧಾರದ ಮೇಲೆ, ಯಾರ ಹೆಸರಿಂದ ಯಾರ ಹೆಸರಿಗೆ ಅಂತ ಒಂದೊಂದೇ ನಮೂದು ಹಿಡಿದು ಹಿಂದಕ್ಕೆ ನಡೀತಾರೆ. ನಮ್ಮ ಅಗಲದ ವರದಿಗಳಲ್ಲಿ ಯಾವುದಕ್ಕೆ ಎಂ.ಆರ್. ನಂಬರ್ ಇದೆ ಹೇಳಿ?

ಇಲ್ಲಿಗೆ ಬರುವಷ್ಟರಲ್ಲಿ ಎದುರು ವಾದಗಳು ಸಾಲಾಗಿ ನಿಂತಿರ್ತವೆ. ಅವಕ್ಕೂ ಉತ್ತರ ಕೊಡ್ತೀನಿ.

"ಕಸ್ಟಮರ್‌ಗೆ ಅಗಲದ ಶೀಟೇ ಬೇಕು ಗುರು, ನಿನ್ನ ಸಿದ್ಧಾಂತ ಯಾರಿಗೆ ಬೇಕು?" ಕೊಡಿ, ಧಾರಾಳವಾಗಿ ಕೊಡಿ. ಕೊಡುವ ಕೊನೇ ಗಳಿಗೆಯಲ್ಲಿ ಅಗಲ ಮಾಡಿ. ಎಕ್ಸೆಲ್ ಇದೆ, ವರದಿಯ ಟೂಲ್‌ಗಳಿವೆ, ಪೈಥಾನ್‌ನ ಪಾಂಡಾಸ್ ಇದೆ. ಅಲ್ಲಿ ಕಾಲಂಗಳು ಡೇಟಾದಿಂದಲೇ ಹುಟ್ಟುತ್ತವೆ, ಹೊಸ ಜಿಲ್ಲೆ ಬಂದರೆ ಹೊಸ ಕಾಲಂ ತಾನಾಗೇ ಬರುತ್ತೆ. ಹಾಗಂತ ಕಣ್ಮುಚ್ಚಿ ನಂಬೋಕೂ ಬೇಡಿ. ಜಿಲ್ಲೆಯ ಹೆಸರೇ ಖಾಲಿ ಇರುವ ಸಾಲುಗಳನ್ನ ಪಾಂಡಾಸ್‌ನ ಪಿವಟ್ ಟೇಬಲ್ ಕೂಡ ಕೇಳದೇ ಬಿಟ್ಟುಬಿಡುತ್ತೆ.

"ಅಷ್ಟೊಂದು ಸಾಲು ಕಳಿಸಿದರೆ ಪರ್ಫಾರ್ಮೆನ್ಸ್?" ಇಲ್ಲಿ ಎರಡು ಕೆಲಸ ಬೆರೆಸ್ತಿದ್ದೀರಿ. ಕೂಡೋದು ಬೇರೆ, ತಿರುಗಿಸೋದು ಬೇರೆ. ಕೋಟಿ ಸಾಲು ಕೂಡುವ ಕೆಲಸ ಡೇಟಾಬೇಸ್‌ದೇ, ಗ್ರೂಪ್ ಬೈ ಅಲ್ಲೇ ಮಾಡಿ. ಕೂಡಿದ ಮೇಲೆ ಉಳಿಯೋದು 372 ಸಾಲು. ನಿಮ್ಮ ಫೋನಿನ ಒಂದು ಫೋಟೋಗಿಂತ ಎಷ್ಟೋ ಹಗುರ.

"ಮಷೀನ್ ಲರ್ನಿಂಗ್ ಮಾಡೆಲ್‌ಗಳಿಗೆ ಅಗಲದ ಟೇಬಲ್ಲೇ ಬೇಕು." ನಿಜ, ಬೇಕು. ಅದು ಆ ಮಾಡೆಲ್‌ಗೋಸ್ಕರ ಸಾಲುಗಳಿಂದ ಮಾಡಿದ ಅಡುಗೆ. ದಿನಸಿ ಅಂತ ಉಗ್ರಾಣಕ್ಕೆ ಹಾಕಬೇಡಿ.

"ವಾರಕ್ಕೆ ಏಳೇ ದಿನ, ವರ್ಷಕ್ಕೆ ಹನ್ನೆರಡೇ ತಿಂಗಳು. ಅದನ್ನೂ ಬರೀಬಾರದಾ?" ಬರೀರಿ. ಇದು ಗಟ್ಟಿ ವಾದ, ಒಪ್ತೀನಿ. ಎಂಟನೇ ವಾರ ಹುಟ್ಟಲ್ಲ, ಹದಿಮೂರನೇ ತಿಂಗಳು ಬರಲ್ಲ. ಪಟ್ಟಿ ಪ್ರಕೃತಿಯಿಂದಲೋ ಕ್ಯಾಲೆಂಡರ್‌ನಿಂದಲೋ ಮುಚ್ಚಿಹೋಗಿದ್ದರೆ ಕೇಸ್ ವೆನ್ ಬರೆಯೋದರಲ್ಲಿ ತಪ್ಪಿಲ್ಲ. ಆದರೆ ಸರಕಾರ, ಮಾರುಕಟ್ಟೆ, ಮ್ಯಾನೇಜರ್, ಮನುಷ್ಯರು ಸೇರಿ ಮಾಡಿದ ಪಟ್ಟಿ ಯಾವುದೂ ಮುಚ್ಚಿದ್ದಲ್ಲ. ಜಿಲ್ಲೆ, ತೆರಿಗೆ ದರ, ಬೆಳೆ, ಪಾವತಿ ವಿಧಾನ, ಲಿಂಗ, ಭಾಷೆ, ಇವೆಲ್ಲ ತೆರೆದ ಪಟ್ಟಿಗಳು. ಇವತ್ತು ಪೂರ್ತಿ ಅನ್ನಿಸಿದ್ದು ನಾಳೆ ಅರ್ಧ.

ಏನೇ ಆದರೂ ಕ್ವೆರಿಯಲ್ಲೇ ಮಾಡಬೇಕಾದ ಪರಿಸ್ಥಿತಿ ಬಂದರೆ ನಾಲ್ಕು ಕಟ್ಟುಪಾಡು ಇಟ್ಟುಕೊಳ್ಳಿ. ಒಂದು, ಪಟ್ಟಿಗೆ ಸೇರದವರಿಗೆಲ್ಲ ಒಂದು "ಇತರೆ" ಕಾಲಂ ಕಡ್ಡಾಯ, ಹೆಸರೇ ಖಾಲಿ ಇರುವ ಸಾಲುಗಳೂ ಅಲ್ಲಿಗೇ ಬರಲಿ. ಎರಡು, ಒಟ್ಟು ಮೊತ್ತವನ್ನ ಕಾಲಂಗಳನ್ನ ಕೂಡಿ ತೆಗೀಬೇಡಿ, ಮೂಲ ಸಾಲುಗಳಿಂದ ತೆಗೆಯಿರಿ. ಎರಡೂ ತಾಳೆಯಾಗದಿದ್ದರೆ ವರದಿ ಹೊರಗೇ ಹೋಗಬಾರದು. ಮೂರು, ಖಾಲಿ ಖಾಲಿಯಾಗಿಯೇ ಇರಲಿ. ಅಂದ ಬೇಕಿದ್ದರೆ "ವರದಿ ಇಲ್ಲ" ಅಂತ ಬರೀರಿ, ಸೊನ್ನೆ ಬರೀಬೇಡಿ. ನಾಲ್ಕು, ಅಗಲ ಮಾಡಿದ್ದನ್ನ ಟೇಬಲ್ ಆಗಿ ಉಳಿಸಬೇಡಿ. ಉಳಿಸಲೇಬೇಕಾದರೆ ಅದರ ಮೂಲ ಸಾಲು ಎಲ್ಲಿದೆ ಅಂತ ಗುರುತು ಜೊತೆಗಿರಲಿ, ಪಹಣಿಯ ಪಕ್ಕದ ಎಂ.ಆರ್. ನಂಬರ್ ಹಾಗೆ.

ಇದೆಲ್ಲ ಇಂಜಿನಿಯರ್‌ಗಳ ಮಡಿ ಅಂತ ಅನ್ನಿಸಬಹುದು. ನಾವು ಬೆಂಗಳೂರಿನ ಎಂಟನೇ ಮಹಡಿಯಲ್ಲಿ ಕೂತು ಬರೆಯುವ ಪಟ್ಟಿಗಳ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಅಂತ ಒಂದು ಕ್ಷಣ ಯೋಚನೆ ಮಾಡಿ. ಹೊಸಪೇಟೆಯ ಡೀಲರ್, ಕೊಳೆ ಬಂದ ತೋಟದವನು, ಹುಚ್ಚೆಳ್ಳು ಬೆಳೆದ ಹೆಂಗಸು. ಅವರಿಗೆ ಕಾಲಂ ಸಿಗದೇ ಹೋದದ್ದು ಯಾರದ್ದೋ ದ್ವೇಷದಿಂದ ಅಲ್ಲ, ಪಟ್ಟಿ ಬರೆಯುವ ದಿನ ಅವರು ನೆನಪಾಗಲಿಲ್ಲ ಅಷ್ಟೇ. ದ್ವೇಷ ಇದ್ದರೆ ಜಗಳ ಆಡಬಹುದು. ಮರೆವಿನ ಮೇಲೆ ಯಾರ ಹತ್ತಿರ ಅಂತ ದೂರು ಕೊಡ್ತಾರೆ ಪಾಪ?

ಮುಂದಿನ ಸಲ ಕೋಡ್ ರಿವ್ಯೂನಲ್ಲಿ ಪಿವಟ್ ಕಂಡರೆ ಸಿಂಟ್ಯಾಕ್ಸ್ ಆಮೇಲೆ ನೋಡಿ. ಮೊದಲು ಮೂರು ಪ್ರಶ್ನೆ ಕೇಳಿ: ಈ ಪಟ್ಟಿ ಬರೆದವರು ಯಾರು, ಬರೆದದ್ದು ಯಾವಾಗ, ಇದರಲ್ಲಿ ಇಲ್ಲದವರು ಎಲ್ಲಿ ಹೋಗ್ತಾರೆ? ಮೂರನೇದಕ್ಕೆ ಉತ್ತರ ಸಿಗದಿದ್ದರೆ ಅಪ್ರೂವ್ ಒತ್ತಬೇಡಿ.